ಗೇಟು ಹಾಕಿದ್ರಾ?

ದೀಪಾವಳಿಗೆ ಇನ್ನು ಎರಡೇ ದಿನ. ಊರಿಂದ ನೆಂಟರು ಬರ್ತಾರೆ, ಮನೆ ತುಂಬುತ್ತೆ. ಬಾಗಿಲು ಹತ್ತು ಸಲ ತೆಗೀತೀರಿ, ಹತ್ತು ಸಲ ಹಾಕ್ತೀರಿ, ಹನ್ನೊಂದನೇ ಸಲ ಹಾಕೋದು ಮರೆಯುತ್ತೆ. ಅದೇ ಹೊತ್ತಿಗೆ ಎದುರುಮನೆಯವರು ಒಂದು ಲಕ್ಷ್ಮೀ ಪಟಾಕಿ ಹಚ್ಚುತ್ತಾರೆ. ನಿಮ್ಮ ನಾಯಿ ಹೋಯ್ತು.

ಹಬ್ಬದ ಮರುದಿನ ಯಾವ ಬಡಾವಣೆಯ ವಾಟ್ಸಪ್ ಗ್ರೂಪ್ ಬೇಕಾದರೂ ತೆಗೆದು ನೋಡಿ. ಕಂದು ಬಣ್ಣ, ಕೊರಳಲ್ಲಿ ಕೆಂಪು ಪಟ್ಟಿ, ನಿನ್ನೆ ರಾತ್ರಿಯಿಂದ ಕಾಣ್ತಿಲ್ಲ, ಸಿಕ್ಕರೆ ದಯವಿಟ್ಟು ಫೋನ್ ಮಾಡಿ. ಇಂಥ ಮೆಸೇಜ್ ಹಾಕೋರು ನಾಯಿಯನ್ನು ಬೀದಿಗೆ ಬಿಟ್ಟವರಲ್ಲ. ಅದಕ್ಕೆ ಹುಟ್ಟುಹಬ್ಬ ಮಾಡಿ, ಟೋಪಿ ಹಾಕಿ ಫೋಟೋ ತೆಗೆಸಿದವರು. ಹಬ್ಬದ ಗಡಿಬಿಡಿಯಲ್ಲಿ ಮಾತ್ರ ಅದರ ನೆನಪು ಕೊನೆಗೆ ಬರುತ್ತೆ.

ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಶಬ್ದ ಕೇಳುತ್ತೆ. ನಾಯಿಗೆ ಸುಮಾರು 45,000, ಬೆಕ್ಕಿಗೆ ಅದಕ್ಕಿಂತಲೂ ಜಾಸ್ತಿ. ನಮ್ಮ ನಿಯಮದ ಪ್ರಕಾರ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿ ನಿಷಿದ್ಧ. ಅಂದ್ರೆ ಕಾನೂನು ಒಪ್ಪಿಕೊಂಡಿರೋ ಸದ್ದೇ ನಮ್ಮ ಎದೆ ನಡುಗಿಸುವಷ್ಟಿದೆ. ಪಟಾಕಿ ಹಚ್ಚಿದವನಿಗೆ ಈಗ ಸದ್ದು ಬರುತ್ತೆ ಅಂತ ಗೊತ್ತಿರುತ್ತೆ. ನಾಯಿಗೆ ಗೊತ್ತಿಲ್ಲ. ಅದಕ್ಕೆ ಅದು ಹಬ್ಬ ಅಲ್ಲ, ದಾಳಿ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿ ದಿನ ರಾತ್ರಿ 8ರಿಂದ 10ರವರೆಗೆ ಮಾತ್ರ ಅಂತ ಹೇಳಿತ್ತು. ನಮ್ಮಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನದ ಜೊತೆಗೇ, ಬೆಳಗಿನ ಜಾವ ಐದಕ್ಕೇ ಶುರು!

ಹಾಗಾದರೆ ಏನು ಮಾಡೋದು? ಸಂಜೆ ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ. ಮನೆಯ ಒಳಗಿನ ಒಂದು ರೂಮು ಅದಕ್ಕೆ ಬಿಟ್ಟುಕೊಡಿ. ಕಿಟಕಿ ಮುಚ್ಚಿ, ಪರದೆ ಎಳೆದು, ಅದರ ಹಾಸಿಗೆ, ನೀರು, ನಿಮ್ಮದೊಂದು ಹಳೇ ಬನಿಯನ್ ಇಡಿ. ಟಿವಿ ಹಾಕಿ, ಆದರೆ ನ್ಯೂಸ್ ಚಾನೆಲ್ ಬೇಡ. ನಾವು ಪಟಾಕಿಗಿಂತ ಜೋರು. ಹಾಡು ಹಾಕಿ. ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತೆ ಅಂತಾರಲ್ಲ, ಅದು ಸುಳ್ಳು. ಪಕ್ಕ ಕೂತು ಬೆನ್ನು ಸವರಿ. ವಿಪರೀತ ನಡುಗುವ ನಾಯಿಯಾದರೆ ಇವತ್ತೇ ಪಶುವೈದ್ಯರಿಗೆ ಫೋನ್ ಮಾಡಿ. ನಿಮ್ಮ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು ಕೊಡೋ ಕೆಲಸ ಮಾತ್ರ ಬೇಡ.

ಇದೆಲ್ಲ ಸುಲಭ. ಕಷ್ಟ ಇರೋದು ನೆಂಟರಿಗೆ ಹೇಳೋದರಲ್ಲಿ. ಭಾವನವರು ಪ್ರೀತಿಯಿಂದ ತಟ್ಟೆಯ ಪಾಯಸ ನಾಯಿ ಮುಂದೆ ಇಡ್ತಾರೆ. ಒಂದು ತುತ್ತಿಗೆ ಏನಾಗುತ್ತೆ ಬಿಡಿ ಅಂತಾರೆ. ಆಗುತ್ತೆ ಸ್ವಾಮಿ. ಆ ಪಾಯಸದಲ್ಲಿರೋ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಹಾಳು ಮಾಡಬಲ್ಲದು, ಎಷ್ಟು ತಿಂದರೆ ಅಪಾಯ ಅನ್ನೋ ಖಚಿತ ಲೆಕ್ಕವೂ ಇಲ್ಲ. ಗಿಫ್ಟ್ ಬಾಕ್ಸಿನ ಚಾಕೊಲೇಟ್‌ನಲ್ಲಿ ಥಿಯೋಬ್ರೋಮಿನ್ ಇದೆ. ನಾಯಿಯ ದೇಹ ಅದನ್ನು ಬೇಗ ಹೊರಹಾಕಲಾರದು. ಚಾಕೊಲೇಟ್ ಕಪ್ಪಾದಷ್ಟೂ ವಿಷ ಹೆಚ್ಚು. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಬೇಯಿಸಿದ ಕೋಳಿಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತೆ. ಬೆಕ್ಕು ಸಾಕಿದವರು ಇನ್ನೊಂದು ಕೇಳಿಸಿಕೊಳ್ಳಿ. ಅತಿಥಿಗಳು ತರೋ ಬೊಕೆಯಲ್ಲಿ ಲಿಲ್ಲಿ ಹೂವಿದ್ದರೆ ಅದನ್ನು ಮನೆಯೊಳಗೇ ಇಡಬೇಡಿ. ಮೈಗೆ ಅಂಟಿದ ಅದರ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಬೆಕ್ಕಿನ ಪ್ರಾಣಕ್ಕೆ ಕುತ್ತು. ಇಂಥದ್ದೇನಾದರೂ ತಿಂದರೆ ವಾಂತಿಯಾಗಲಿ ನೋಡೋಣ ಅಂತ ಕಾಯಬೇಡಿ. ತಿಂದಿದ್ದರ ಕವರ್ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ.

ನಮ್ಮ ಸಂಸ್ಕಾರದಲ್ಲಿ ಅತಿಥಿ ದೇವರು. ಸರಿ. ಆದರೆ ಬಾಗಿಲಲ್ಲೇ, ಗೇಟು ಹಾಕ್ಕೊಂಡು ಬನ್ನಿ, ನಾಯಿಗೆ ಏನೂ ಕೊಡಬೇಡಿ, ಮಕ್ಕಳನ್ನ ಆ ರೂಮಿಗೆ ಬಿಡಬೇಡಿ ಅಂದರೆ ಯಾವ ದೇವರೂ ಮುನಿಸಿಕೊಳ್ಳಲ್ಲ. ಮುನಿಸಿಕೊಂಡರೆ ಎರಡು ದಿನ, ಆಮೇಲೆ ಸರಿಹೋಗ್ತಾರೆ. ಮಕ್ಕಳ ವಿಷಯದಲ್ಲಿ ಖಡಕ್ಕಾಗಿರಿ. ಹೆದರಿದ ನಾಯಿ ಕಚ್ಚಿದರೆ ತಪ್ಪು ಕೊನೆಗೆ ನಾಯಿಯ ಮೇಲೇ ಬರುತ್ತೆ.

ಬಲಿಪಾಡ್ಯಮಿಯಂದು ಹಸುವಿಗೆ ಅರಿಶಿನ ಕುಂಕುಮ ಹಚ್ಚಿ ಗೋಪೂಜೆ ಮಾಡ್ತೀವಿ. ಪಕ್ಕದ ನೇಪಾಳದಲ್ಲಿ ಇದೇ ದಿನಗಳಲ್ಲಿ ತಿಹಾರ್ ಹಬ್ಬ, ಅದರಲ್ಲಿ ಒಂದು ದಿನ ನಾಯಿಗಳದ್ದೇ. ಹಾರ ಹಾಕಿ, ತಿಲಕ ಇಟ್ಟು, ಊಟ ಬಡಿಸ್ತಾರೆ, ಬೀದಿ ನಾಯಿಗೂ. ಇಲ್ಲಿ ಬೀದಿ ನಾಯಿಯ ಬಾಲಕ್ಕೆ ಸರಪಟಾಕಿ ಕಟ್ಟಿ ವಿಡಿಯೋ ಮಾಡೋರಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಒಂದು ಸುರ್‌ಸುರ್‌ಬತ್ತಿ ಡಬ್ಬ ಬರಲ್ಲ ಅಷ್ಟಕ್ಕೆ! ಪ್ರಾಣಿ ಸತ್ತರೆ ಅಥವಾ ಅಂಗಹೀನವಾದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್, 5 ವರ್ಷದವರೆಗೆ ಜೈಲು. ಸಂಸದರು ಇದನ್ನೂ ಸ್ವಲ್ಪ ನೋಡಲಿ.

ಇವತ್ತು ರಾತ್ರಿಯೇ ಕೊರಳಪಟ್ಟಿ ಮೇಲೆ ನಿಮ್ಮ ಫೋನ್ ನಂಬರ್ ಬರೀರಿ. ಹಾಗಿದ್ದೂ ತಪ್ಪಿಸಿಕೊಂಡರೆ, ಮೊದಲು ಹತ್ತಿರದಲ್ಲೇ ಹುಡುಕಿ. ನಿಂತ ಕಾರಿನ ಕೆಳಗೆ, ಚರಂಡಿಯ ಚಪ್ಪಡಿಯಡಿ, ಕಟ್ಟುತ್ತಿರೋ ಮನೆಯ ಮೂಲೆಯಲ್ಲಿ. ಸದ್ದು ನಿಂತ ಮೇಲೆ, ನಡುರಾತ್ರಿ, ಇನ್ನೊಮ್ಮೆ ಹೋಗಿ. ಅದರ ಹಾಸಿಗೆ ಗೇಟಿನ ಹತ್ತಿರ ಇಡಿ. ಕಂಡ ಕೂಡಲೇ ಹೆಸರು ಕೂಗುತ್ತಾ ಓಡಬೇಡಿ, ಅದು ಇನ್ನಷ್ಟು ದೂರ ಓಡುತ್ತೆ. ನೆಲದ ಮೇಲೆ ಕೂತು, ಮೆಲ್ಲಗೆ ಕರೀರಿ.