ಮೂರು ನಿಮಿಷ, ನಾಲ್ಕು ಪದ: ಇಂಗ್ಲಿಷಿನಲ್ಲಿ ವಿಷಯಮಂಡನೆಯನ್ನು ಕಲಿಸುವ ಬಗೆ

(ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಭಾಗದ ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ಕೊತ್ತಪಲ್ಲಿಯಲ್ಲಿ ನೀಡಿದ ಉಪನ್ಯಾಸ)



ಕನ್ನಡ ಶಿಕ್ಷಕರ ಶಿಬಿರದಲ್ಲಿ ಇಂಗ್ಲಿಷಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಚಹಾದ ವೇಳೆಯಲ್ಲಿ ನನ್ನನ್ನು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಜಿಲ್ಲೆಗಳು ಹಂಚಿಹೋದಾಗ ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಅದೇ ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಿಗೆ ಬಂದವು. ಗೆರೆ ಎಳೆದವರು ಊರುಗಳನ್ನು ಬೇರ್ಪಡಿಸಿದರು, ಅಡುಗೆಮನೆಯ ಮಾತನ್ನು ಬೇರ್ಪಡಿಸಲಾಗಲಿಲ್ಲ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ಹೇಳುತ್ತದೆ, ನಿಜ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಮಾತನ್ನು. ಹತ್ತನೆಯ ತರಗತಿಯ ನಂತರ ನಮ್ಮ ಮಗು ಕಾಲೇಜಿನ ಕೊಠಡಿಯಲ್ಲಿ ಕುಳಿತಾಗ ಅಲ್ಲಿ ನಾವಿರುವುದಿಲ್ಲ, ನಮ್ಮ ಪಠ್ಯಪುಸ್ತಕವೂ ಇರುವುದಿಲ್ಲ. ಅಧ್ಯಾಪಕರು ಎದ್ದು ನಿಲ್ಲಿಸಿ, ‘ಈ ವಿಷಯದ ಬಗ್ಗೆ ನಾಲ್ಕು ಮಾತು ಹೇಳು’ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಮಗು ಸುಮ್ಮನೆ ನಿಂತರೆ, ದಡ್ಡತನವನ್ನು ಮಗುವಿನ ಮೇಲೆ ಹೊರಿಸಿದಷ್ಟೇ ಸುಲಭವಾಗಿ ಕನ್ನಡ ಶಾಲೆಯ ಮೇಲೂ ಹೊರಿಸುತ್ತಾರೆ. ಮರುವರ್ಷ ಆ ಓಣಿಯ ಇನ್ನೆರಡು ಮಕ್ಕಳು ನಮ್ಮ ಹಾಜರಿ ಪುಸ್ತಕದಿಂದ ಮಾಯವಾಗುತ್ತವೆ. 2022–23ರಿಂದ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮ ಆರಂಭವಾದ ಮೇಲೆ ಪಾಲಕರು ಹೋಲಿಕೆ ಮಾಡುವುದು ಇನ್ನೂ ಸುಲಭವಾಗಿದೆ. ಆದ್ದರಿಂದ ಇಂಗ್ಲಿಷಿನಲ್ಲಿ ಮೂರು ನಿಮಿಷ ಧೈರ್ಯವಾಗಿ ಮಾತನಾಡಬಲ್ಲ ಮಗುವನ್ನು ರೂಪಿಸುವುದು ಕನ್ನಡ ಶಾಲೆಯ ಉಳಿವಿನ ಕೆಲಸವೂ ಹೌದು.

ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದಿಡುತ್ತೇನೆ. ಇಪ್ಪತ್ತು ವರ್ಷಗಳಿಗೂ ಹಿಂದೆ ಗಡಿಭಾಗದ ಒಂದು ಪ್ರೌಢಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನೂರಿನ ಬಾವಿಯ ಬಗ್ಗೆ ಇಂಗ್ಲಿಷಿನಲ್ಲಿ ಮಾತನಾಡಲು ಎದ್ದಳು. ‘ದಿ ಪೀಪಲ್ ಈಸ್ ಕಮಿಂಗ್’ ಎಂದಳು. ‘ಆರ್ ಕಮಿಂಗ್’ ಎಂದು ತಿದ್ದಿದೆ. ‘ವೊನ್ಲಿ ವನ್ ವೆಲ್’ ಎಂದಳು, ಅದನ್ನೂ ತಿದ್ದಿದೆ. ನಾಲ್ಕನೆಯ ವಾಕ್ಯದ ಹೊತ್ತಿಗೆ ಅವಳ ಧ್ವನಿ ಇಳಿಯಿತು. ಆರನೆಯ ವಾಕ್ಯ ಬರಲೇ ಇಲ್ಲ. ‘ಕುಳಿತುಕೋ, ಚೆನ್ನಾಗಿ ಸಿದ್ಧಮಾಡಿಕೊಂಡು ಬಾ’ ಎಂದೆ. ಆ ವಾರವೇ ನೋಟ್‌ಪುಸ್ತಕಗಳನ್ನು ತಿದ್ದುವಾಗ ಆಕೆಯ ಕನ್ನಡ ಟಿಪ್ಪಣಿ ನನ್ನ ಕಣ್ಣಿಗೆ ಬಿತ್ತು. ಆ ಬಾವಿಗೆ ಎಷ್ಟು ಮೆಟ್ಟಿಲು, ಯಾವ ತಿಂಗಳಲ್ಲಿ ಎಷ್ಟನೆಯ ಮೆಟ್ಟಿಲವರೆಗೆ ನೀರು ಇಳಿಯುತ್ತದೆ, ಯಾರ ಕೊಡ ಮೊದಲು ತುಂಬಬೇಕೆಂಬುದಕ್ಕೆ ನಡೆದ ಜಗಳ, ಎಲ್ಲವೂ ಎರಡು ಪುಟದಲ್ಲಿತ್ತು. ಇಷ್ಟನ್ನು ಬಲ್ಲ ಮಗುವನ್ನು ನಾನು ಒಂದು ಕ್ರಿಯಾಪದಕ್ಕಾಗಿ ಕೂರಿಸಿದ್ದೆ. ಆ ವರ್ಷವಿಡೀ ಅವಳು ಮತ್ತೆ ಕೈ ಎತ್ತಲಿಲ್ಲ. ಇಂದು ನಾನು ಹೇಳಲಿರುವುದೆಲ್ಲ ಆ ಎರಡು ಪುಟಗಳಿಂದ ಕಲಿತದ್ದು.

ವಿಷಯದಿಂದಲೇ ಆರಂಭಿಸೋಣ. ನಾವು ಸಾಮಾನ್ಯವಾಗಿ ಮಕ್ಕಳಿಗೆ ಕೊಡುವ ವಿಷಯಗಳು ಯಾವುವು? ಜಾಗತಿಕ ತಾಪಮಾನ, ಸ್ವಚ್ಛತೆಯ ಮಹತ್ವ, ಮೊಬೈಲಿನ ಸಾಧಕ ಬಾಧಕ. ಇವು ಕೆಟ್ಟ ವಿಷಯಗಳಲ್ಲ; ಆದರೆ ಇವುಗಳ ಬಗ್ಗೆ ಮಗುವಿಗೆ ಸ್ವಂತವಾಗಿ ಹೇಳಲು ಏನೂ ಇರುವುದಿಲ್ಲ. ಹಾಗಾಗಿ ಬೇರೆಯವರ ವಾಕ್ಯಗಳನ್ನು ಬಾಯಿಪಾಠ ಮಾಡುತ್ತದೆ, ನಡುವೆ ಒಂದು ಪದ ಜಾರಿದರೆ ಇಡೀ ಭಾಷಣ ಜಾರುತ್ತದೆ. ನಮ್ಮದೇ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ ಮುಡುಮಾಲ್ ಇದೆ. ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಸುಮಾರು 80 ನಿಲುವುಗಲ್ಲುಗಳು ನದೀತೀರದ ಆ ಬಯಲಿನಲ್ಲಿ ಬೃಹತ್ ಶಿಲಾಯುಗದಿಂದ ನಿಂತಿವೆ. 2025ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. ಆ ಸಮೀಪದ ಹೊಲದಲ್ಲಿ ದುಡಿಯುವ ಮನೆಯ ಮಗುವಿಗೆ ಆ ಕಲ್ಲಿನ ನೆರಳು ಯಾವ ಹೊತ್ತಿಗೆ ಎತ್ತ ಬೀಳುತ್ತದೆಂಬುದು ಗೊತ್ತು. ಅದನ್ನು ಹೇಳಲು ಗೂಗಲ್ ಬೇಕಿಲ್ಲ.

ಗದ್ವಾಲದ ನೇಕಾರರ ಮನೆಯ ಮಗು ಸೀರೆಯ ಬಗ್ಗೆ ಮಾತನಾಡಲಿ. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡರ ಹೊಕ್ಕಿನ ಎಳೆಗಳನ್ನು ಮಗ್ಗದ ಮೇಲೆಯೇ ಒಂದರೊಳಗೊಂದು ಕೊಂಡಿಹಾಕಿ ಕೂಡಿಸುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ಏನೆಂದು ಕರೆಯುವುದು ಎಂದು ಮಗು ಕೇಳಿದರೆ, ನಿಘಂಟು ತೆರೆಯಬೇಡಿ. ಮನೆಯಲ್ಲಿ ಕರೆಯುವ ಹೆಸರನ್ನೇ ಇಟ್ಟುಕೊಳ್ಳಲಿ: ‘ವಿ ಕಾಲ್ ದಿಸ್ ಕುಟ್ಟು. ಕಾಟನ್ ಆನ್ ದಿಸ್ ಸೈಡ್, ಸಿಲ್ಕ್ ಆನ್ ದಟ್ ಸೈಡ್. ನೋ ನೀಡಲ್.’ ಕೈಯಲ್ಲಿ ಸೀರೆಯ ಒಂದು ತುಂಡು ಇರಲಿ, ಬೆರಳು ಆ ಕೂಡುಗೆರೆಯ ಮೇಲಿರಲಿ. ಇದಕ್ಕಿಂತ ಸ್ಪಷ್ಟವಾದ ಇಂಗ್ಲಿಷ್ ಇನ್ನೇನಿದೆ? ವಸ್ತುವನ್ನು ಹಿಡಿದ ಕೈ ನಡುಗುವುದೂ ಕಡಿಮೆ, ಇದನ್ನು ನಾನು ಹಲವು ತರಗತಿಗಳಲ್ಲಿ ಕಂಡಿದ್ದೇನೆ.

ಇನ್ನು ಸಿದ್ಧತೆಯ ಕ್ರಮ. ಮೊದಲ ದಿನ ಇಂಗ್ಲಿಷ್ ಬೇಡವೇ ಬೇಡ. ಮಗು ತನ್ನ ವಿಷಯವನ್ನು ಕನ್ನಡದಲ್ಲಿ ಪಕ್ಕದವನಿಗೆ ಹೇಳಲಿ. ಕೇಳಿದವನು ಒಂದು ಪ್ರಶ್ನೆ ಹಾಕಲಿ. ಪ್ರಶ್ನೆ ಎಲ್ಲಿ ಹುಟ್ಟಿತೋ ಅಲ್ಲಿ ವಿವರ ಸಾಲದು ಎಂದು ಅರ್ಥ. ಹೀಗೆ ಮಾತಿನ ಅನುಕ್ರಮ ಮಾತೃಭಾಷೆಯಲ್ಲಿಯೇ ಗಟ್ಟಿಯಾಗಬೇಕು. ಬಹುಭಾಷಿಕತೆಯು ತರಗತಿಯ ಸಂಪನ್ಮೂಲವೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇದನ್ನೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಆಡುವ ನಮ್ಮ ಮಗು ಭಾಷೆಯಿಂದ ಭಾಷೆಗೆ ದಾಟುವುದನ್ನು ಆರನೆಯ ವಯಸ್ಸಿನಲ್ಲಿಯೇ ಕಲಿತಿರುತ್ತದೆ. ಆ ಸಾಮರ್ಥ್ಯವನ್ನು ಇಂಗ್ಲಿಷ್ ಗಂಟೆಯಲ್ಲಿ ಬಾಗಿಲ ಹೊರಗೆ ನಿಲ್ಲಿಸುವವರು ನಾವೇ.

ಎರಡನೆಯ ದಿನ ವಾಕ್ಯಗಳು. ಇಲ್ಲಿ ಒಂದು ವ್ಯಾಕರಣದ ತೊಡಕಿದೆ, ಅದನ್ನು ಶಿಕ್ಷಕರು ಅರಿತಿರಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಮನಸ್ಸಿನಲ್ಲಿ ಕನ್ನಡದ ಉದ್ದ ವಾಕ್ಯ ಕಟ್ಟಿ ಅದನ್ನು ತಿರುಗಿಸಲು ಹೊರಟ ಮಗು, ಕೊನೆಯಲ್ಲಿರುವ ಕ್ರಿಯಾಪದವನ್ನು ಎಳೆದು ಮುಂದಕ್ಕೆ ತರುವಷ್ಟರಲ್ಲಿ ಉಳಿದದ್ದನ್ನು ಮರೆತಿರುತ್ತದೆ. ನಾವು ಅದನ್ನು ಅಂಜಿಕೆ ಎನ್ನುತ್ತೇವೆ. ಅರ್ಧದಷ್ಟು ಅದು ಹೊರೆಯ ಸಮಸ್ಯೆ. ಆರೇಳು ಪದಗಳ ವಾಕ್ಯ ಸಾಕು. ‘ಯಾವಾಗ’, ‘ಏಕೆಂದರೆ’ ಎಂದು ಜೋಡಿಸುವುದನ್ನು ಮುಂದಿನ ವರ್ಷಕ್ಕೆ ಬಿಡಬಹುದು.

ಮೂರನೆಯ ದಿನ ಬರೆದ ಹಾಳೆಯನ್ನು ಶಿಕ್ಷಕರು ತೆಗೆದುಕೊಳ್ಳಬೇಕು. ಮಗುವಿನ ಕೈಯಲ್ಲಿ ಉಳಿಯುವುದು ನಾಲ್ಕು ಪದಗಳ ಒಂದು ಚೀಟಿ ಮಾತ್ರ. ಮುಡುಮಾಲಿನ ಮಗುವಾದರೆ: ಕಲ್ಲು, ಎತ್ತರ, ನೆರಳು, ಅಜ್ಜಿ. ಕನ್ನಡ ಲಿಪಿಯಲ್ಲಿದ್ದರೂ ಸರಿಯೇ. ಹಾಳೆ ಕಸಿದುಕೊಂಡಾಗ ಮಕ್ಕಳು ಗಾಬರಿಯಾಗುತ್ತಾರೆ, ಕೆಲವರು ಅಳುತ್ತಾರೆ ಕೂಡ. ಆದರೆ ಓದುವುದು ಬೇರೆ, ಹೇಳುವುದು ಬೇರೆ. ಹಾಳೆ ಇರುವವರೆಗೆ ಕಣ್ಣು ಕೇಳುಗರ ಕಡೆ ಬರುವುದಿಲ್ಲ. ಇಬ್ಬರ ಮುಂದೆ, ಆಮೇಲೆ ಆರು ಮಂದಿಯ ಮುಂದೆ, ಕೊನೆಗೆ ತರಗತಿಯ ಮುಂದೆ ಹೇಳಲಿ. ಮೂರು ನಿಮಿಷಕ್ಕೆ ಗಡಿಯಾರ ನೋಡಿ ನಿಲ್ಲಿಸಿ.

ಯಾವ ತಪ್ಪನ್ನು ತಿದ್ದಬೇಕು? ಅರ್ಥ ಕೆಡಿಸುವ ತಪ್ಪನ್ನು. ನಮ್ಮ ಕಡೆಯವರು ‘ಎಗ್’ ಎನ್ನಲು ‘ಯೆಗ್’ ಎನ್ನುತ್ತಾರೆ, ‘ಸ್ಕೂಲ್’ ಎನ್ನಲು ‘ಇಸ್ಕೂಲ್’ ಎನ್ನುತ್ತಾರೆ. ಕೇಳುವವನಿಗೆ ಅರ್ಥವಾಗುತ್ತದೆ, ಬಿಟ್ಟುಬಿಡಿ. ಆದರೆ ‘ಥರ್ಟೀನ್’ ಎನ್ನುವಲ್ಲಿ ‘ಥರ್ಟಿ’ ಕೇಳಿಸಿದರೆ ಹದಿಮೂರು ಅಡಿಯ ಕಲ್ಲು ಮೂವತ್ತು ಅಡಿಯಾಗಿಬಿಡುತ್ತದೆ. ಅದನ್ನು ತಿದ್ದಲೇಬೇಕು: ಮೊದಲನೆಯದರಲ್ಲಿ ಕೊನೆಯ ಅಕ್ಷರವನ್ನು ಎಳೆದು ಒತ್ತಬೇಕು, ಎರಡನೆಯದರಲ್ಲಿ ಮೊದಲ ಅಕ್ಷರಕ್ಕೆ ಒತ್ತು. ತಿದ್ದುವುದೂ ಮಗು ಮಾತು ಮುಗಿಸಿದ ಮೇಲೆ, ಒಂದೋ ಎರಡೋ. ಉಳಿದವನ್ನು ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಇಡೀ ತರಗತಿಗೆ ಸಾಮಾನ್ಯ ಪಾಠವಾಗಿ ಮಾಡಿ. ಯಾರ ತಪ್ಪೆಂದು ಹೇಳುವ ಅಗತ್ಯವಿಲ್ಲ.

ಕೇಳುಗರಿಗೂ ಕೆಲಸವಿರಬೇಕು. ನಗುವ ತರಗತಿಯನ್ನು ಗದರಿಸಿ ಸುಮ್ಮನಾಗಿಸುವುದಕ್ಕಿಂತ, ‘ಮುಗಿದ ಮೇಲೆ ನಿಮ್ಮಲ್ಲಿ ಮೂವರು ಪ್ರಶ್ನೆ ಕೇಳಬೇಕು’ ಎಂದು ಮೊದಲೇ ಹೇಳುವುದು ಹೆಚ್ಚು ಫಲಕಾರಿ. ಪ್ರಶ್ನೆ ಯಾವ ಭಾಷೆಯಲ್ಲಾದರೂ ಬರಲಿ, ಉತ್ತರಕ್ಕೆ ಇಂಗ್ಲಿಷಿನ ಪ್ರಯತ್ನವಾಗಲಿ.

ಕೊನೆಯದಾಗಿ ನಮ್ಮ ಮಾತು. ನಮ್ಮಲ್ಲಿ ಬಹುಮಂದಿ ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದವರು, ಇಂಗ್ಲಿಷಿನಲ್ಲಿ ನಿಂತು ಮಾತನಾಡಲು ನಮಗೇ ಎದೆ ಹೊಡೆದುಕೊಳ್ಳುತ್ತದೆ. ಎಂ.ಎ., ಎಂ.ಇಡಿ. ಮುಗಿಸಿದ ನನಗೂ ಹೊರತಲ್ಲ. ಮಕ್ಕಳ ಮುಂದೆ ಮೊದಲ ಮೂರು ನಿಮಿಷ ಶಿಕ್ಷಕರೇ ಮಾತನಾಡಬೇಕೆಂದು ನಾನು ಒತ್ತಾಯಿಸುವುದು ಅದಕ್ಕಾಗಿಯೇ. ನೀವು ತಡವರಿಸಿ, ಪದ ಹುಡುಕಿ, ಸಿಗದಿದ್ದಾಗ ಕನ್ನಡದ ಪದವನ್ನೇ ಇಟ್ಟು ಮುಂದುವರಿಯುವುದನ್ನು ಮಗು ನೋಡಲಿ.

ಮೇಜಿನ ಮೇಲೆ ಚೀಟಿಗಳಿವೆ. ಪ್ರತಿಯೊಬ್ಬರೂ ಒಂದನ್ನು ತೆಗೆದುಕೊಂಡು ತಮ್ಮೂರಿನ ಯಾವುದಾದರೊಂದು ವಸ್ತುವಿನ ಬಗ್ಗೆ ನಾಲ್ಕು ಪದ ಬರೆಯಿರಿ. ಹತ್ತು ನಿಮಿಷದ ನಂತರ ಮಕ್ತಲ್ ಗುಂಪಿನವರು ಮೊದಲು ಬರಬೇಕು. ಅದಕ್ಕೂ ಮೊದಲು ನಾನು ನನ್ನೂರಿನ ಬಾವಿಯ ಬಗ್ಗೆ ಇಂಗ್ಲಿಷಿನಲ್ಲಿ ಮೂರು ನಿಮಿಷ ಮಾತನಾಡುತ್ತೇನೆ. ಗಡಿಯಾರವನ್ನು ಗದ್ವಾಲದವರು ನೋಡಿಕೊಳ್ಳಲಿ.