ಇನ್ವರ್ಟರ್ ಇದ್ದರೂ ಅರ್ಥಿಂಗ್ ಬೇಕು
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬ ಎಂದರೆ ಸಂಘದ ಏಳಿಗೆಯ ಬಗ್ಗೆ ನಾಕು ಮಾತು ಹೇಳುವುದು ವಾಡಿಕೆ. 1905 ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದನ್ನು ನಮಗಿಂತ ಮೊದಲು ಮಾತಾಡಿದವರು ಚಂದಾಗಿ ಹೇಳ್ಯಾರ. ನಾವು ಒಕ್ಕಲುತನದವರು, ಎಸ್.ಎಸ್.ಎಲ್.ಸಿ. ತನಕ ಓದಿದವರು. ನಮಗೆ ಕೊಟ್ಟ ಹತ್ತು ಮಿನಿಟಿನೊಳಗ ಒಂದು ತಪ್ಪಿನ ಬಗ್ಗೆ ಹೇಳ್ತೀವಿ. ತಪ್ಪು ಮತ್ತೊಬ್ಬರದಲ್ಲ, ನಮ್ಮ ಆಡಳಿತ ಮಂಡಳಿಯದೇ.

ಕಬ್ಬಿನ ಗಾಡಿ, ರಂಟಿ, ಕುಂಟಿ ರಿಪೇರಿಗೆಂದು ನಾವು ಶೆಡ್ಡು ಕಟ್ಟಿದೆವಲ್ಲ, ಅಲ್ಲಿ ಸಾಣಿ ಮಶಿನ್, ಡ್ರಿಲ್ಲು ಇಟ್ಟೆವು. ಕರೆಂಟು ಹೋದರೆ ಕೆಲಸ ನಿಲ್ಲಬಾರದೆಂದು ಇನ್ವರ್ಟರ್ ತಂದೆವು. ವೈರಿಂಗಿನ ಅಂದಾಜುಪಟ್ಟಿಯೊಳಗ ಅರ್ಥಿಂಗಿನ ಸಾಲು ಇತ್ತು. ಖರ್ಚು ಉಳಿಸಲಿಕ್ಕೆ ಆ ಸಾಲು ಹೊಡೆದು ಹಾಕಿದವರು ನಾವೇ. ಠರಾವಿಗೆ ಎಲ್ಲರ ಸಹಿ ಐತಿ, ನಮ್ಮದೂ ಐತಿ. ಗೋಡೆಯ ಪ್ಲಗ್ಗಿನಲ್ಲಿ ಮೂರು ತೂತು ಇದ್ದವು ಖರೆ, ಮೂರನೇದರ ಹಿಂದ ತಂತಿಯೇ ಇರಲಿಲ್ಲ.

ಒಂದಿನ ಕರೆಂಟು ಹೋಗಿತ್ತು. ಶೆಡ್ಡು ತೊಳೆದು ನೆಲ ಹಸಿ ಇತ್ತು. ಕೆಲಸದ ಹುಡುಗ ಬರಿಗಾಲಿನಲ್ಲೇ ಸಾಣಿ ಮಶಿನ್ನಿಗೆ ಕೈ ಹಚ್ಚಿದ. ಹಚ್ಚಿದ ಕೈ ಬಿಡಲಿಕ್ಕೆ ಬರಲಿಲ್ಲ. ಪಕ್ಕದಲ್ಲಿದ್ದವರು ಒಣ ಕಟ್ಟಿಗೆಯಿಂದ ಬಡಿದು ಬಿಡಿಸಿದರು. ಅಂಗೈ ಸುಟ್ಟಿತು, ಜೀವ ಉಳಿಯಿತು. ಅವನ ತಾಯಿ ನಮ್ಮ ಮನೆಗೆ ಬಂದು ಒಂದೇ ಮಾತು ಕೇಳಿದಳು: "ಬ್ಯಾಟರಿ ಕರೆಂಟು ಏನೂ ಮಾಡಂಗಿಲ್ಲ ಅಂತ ನೀವೇ ಹೇಳಿದ್ರಲ್ರಿ?" ಹೌದು, ಹೇಳಿದ್ದೆವು.

ಬ್ಯಾಟರಿ 12 ವೋಲ್ಟಿನದು, ಅದನ್ನು ಒಣ ಕೈಯಿಂದ ಮುಟ್ಟಿದರೆ ಜುಮ್ ಅನ್ನಂಗಿಲ್ಲ. ಆದರೆ ಇನ್ವರ್ಟರಿನಿಂದ ಹೊರಗೆ ಬರುವುದು 230 ವೋಲ್ಟು. ಕಂಬದಿಂದ ಬರುವುದೂ ಅಷ್ಟೇ. ನಮ್ಮ ಇನ್ವರ್ಟರಿನಲ್ಲಿ ಹೊರಹೋಗುವ ನ್ಯೂಟ್ರಲ್, ಲೈನಿನ ನ್ಯೂಟ್ರಲಿಗೇ ಕೂಡಿತ್ತು. ಆ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರಿನ ಹತ್ತಿರ ಭೂಮಿಗೆ ಕೂಡಿರ್ತದ. ಮಶಿನ್ನಿನೊಳಗ ಸುತ್ತಿದ ತಂತಿ ಸವೆದು ಮೈಗೆ ತಾಗಿತ್ತು. ದಾರಿ ಪೂರಾ ಆಗಲಿಕ್ಕೆ ಹುಡುಗನ ಕಾಲು ಒಂದೇ ಬಾಕಿ ಇತ್ತು.

ಇನ್ನೊಂದು ತರದ ಇನ್ವರ್ಟರ್ ಇರ್ತಾವ, ಅವುಗಳ ಎರಡೂ ತಂತಿ ಭೂಮಿಗೆ ಕೂಡಿರಂಗಿಲ್ಲ. ಅದರ ಮೇಲೆ ಒಂದು ಮಶಿನ್ನು ಕೆಟ್ಟರೆ ಏನೂ ಗೊತ್ತಾಗುವುದಿಲ್ಲ, ಕೆಲಸ ನಡೆದೇ ಇರ್ತದ. ಮುಂದೆ ಎಂದೋ ಇನ್ನೊಂದು ಮಶಿನ್ನಿನಲ್ಲಿ ಆಚೆ ಕಡೆಯ ತಂತಿ ಮೈಗೆ ತಾಗಿತೆನ್ನಿ. ಆಗ ಒಂದು ಕೈ ಸಾಣಿ ಮಶಿನ್ನಿನ ಮೇಲೆ, ಇನ್ನೊಂದು ಕೈ ಡ್ರಿಲ್ಲಿನ ಮೇಲೆ ಇಟ್ಟವನ ಎದೆಯೊಳಗಿಂದ 230 ವೋಲ್ಟು ಹಾಯ್ತದ. ಜೀವರಕ್ಷಕವೆಂದು ಮಾರುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಅಲ್ಲಿ ಬೀಳಂಗಿಲ್ಲ. ಒಂದು ತಂತಿಯಿಂದ ಹೋದ ಕರೆಂಟು ಇನ್ನೊಂದರಿಂದ ಪೂರಾ ವಾಪಸ್ ಬಂದ ಮೇಲೆ, ಸೋರಿಕೆ ಐತೆಂದು ಅದಕ್ಕೆ ತಿಳಿಯುವುದು ಹೆಂಗ? ಅದರ ಟೆಸ್ಟ್ ಗುಂಡಿ ಒತ್ತಿದರೆ ಮಾತ್ರ ಬೀಳ್ತದ. ನಾವು ಅದನ್ನೇ ನೋಡಿ ಸಮಾಧಾನ ಮಾಡಿಕೊಳ್ತೀವಿ.

ಇದಕ್ಕೆ ಮದ್ದು ಸಾದಾ ಐತಿ. ಎಲ್ಲಾ ಮಶಿನ್ನಿನ ಮೈ, ಇನ್ವರ್ಟರಿನ ಮೈ, ಮೇನ್ ಬೋರ್ಡು, ಇವನ್ನೆಲ್ಲ ಒಂದೇ ಹಸಿರು ತಂತಿಯ ಪಟ್ಟಿಗೆ ಬೇರೆ ಬೇರೆಯಾಗಿ ಕೂಡಿಸಬೇಕು. ಹಂಗ ಕೂಡಿಸಿದರೆ ಮೇಲೆ ಹೇಳಿದ ಎರಡನೇ ದೋಷ ಮನುಷ್ಯನೊಳಗಿಂದ ಹೋಗದೆ ತಂತಿಯೊಳಗಿಂದ ಹೋಗಿ ಫ್ಯೂಜು ಹೊಡೀತದ, ಇಲ್ಲವೇ ಇನ್ವರ್ಟರ್ ತಾನೇ ಬಂದ್ ಆಗ್ತದ. ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡಿನವರಿಗೆ ಇಲ್ಲಿ ಒಂದು ಮಾತು. ಒಂದು ಮಗ್ಗದಿಂದ ಮುಂದಿನ ಮಗ್ಗಕ್ಕೆ ಮಾಲೆ ಪೋಣಿಸಿದಂಗ ಅರ್ಥ್ ತಂತಿ ಎಳೀಬ್ಯಾಡ್ರಿ. ರಿಪೇರಿಗೆಂದು ನಡುವಿನ ಒಂದು ಬೋಲ್ಟು ಬಿಚ್ಚಿದರೆ ಅದರ ಮುಂದಿನವೆಲ್ಲ ಅನಾಥ. ಮೂರು ಫೇಸಿನ ಮೋಟಾರಿಗೆ ಎರಡು ಬೇರೆ ಬೇರೆ ಅರ್ಥ್ ತಂತಿ ಇರಬೇಕೆಂದು 1956 ರ ವಿದ್ಯುತ್ ನಿಯಮದಲ್ಲೇ ಇತ್ತು. ನಾವು ಓದಿರಲಿಲ್ಲ, ಅಷ್ಟೇ.

ಬರೇ ಪೈಪು ಹುಗಿದರೂ ಸಾಲದು. ಪೈಪಿಗೂ ಭೂಮಿಗೂ ನಡುವಿನ ಅಡ್ಡಿ 10 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. 32 ಆಂಪಿಯರಿನ ಎಂ.ಸಿ.ಬಿ. ಅದಕ್ಕೆ ಬೀಳುವುದಿಲ್ಲ, ಮಶಿನ್ನಿನ ಮೈ ಜೀವಂತ ಇರ್ತದ. ಅದಕ್ಕೇ ಪೈಪೂ ಬೇಕು, ಆರ್.ಸಿ.ಸಿ.ಬಿ.ಯೂ ಬೇಕು. ಇನ್ವರ್ಟರ್ ಮೇಲೆ ನಡೆಯುವಾಗ ಅದರ ನ್ಯೂಟ್ರಲ್ ಭೂಮಿಗೆ ಕೂಡಿರುತ್ತದೋ ಇಲ್ಲವೋ ಎಂಬುದನ್ನು ಲೈಸನ್ಸ್ ಇರುವ ಮೇಸ್ತ್ರಿಯಿಂದಲೇ ನೋಡಿಸಬೇಕು. ನೀವೇ ನ್ಯೂಟ್ರಲ್ ತಂದು ಮಶಿನ್ನಿನ ಮೈಗೆ ಬಿಗಿದರೆ, ಕಂಬದ ಮೇಲೆ ನ್ಯೂಟ್ರಲ್ ಕಡಿದ ದಿನ ಶೆಡ್ಡಿನ ಎಲ್ಲಾ ಕಬ್ಬಿಣಕ್ಕೂ ಕರೆಂಟು ಬರ್ತದ. ನೀರಿನ ಪೈಪಿಗೆ ಕಟ್ಟುವುದೂ ದಂಡ, ಈಗೆಲ್ಲ ಪ್ಲಾಸ್ಟಿಕ್ ಪೈಪು.

ನಮ್ಮ ಎರೆ ನೆಲ ಹಸಿ ಇದ್ದಾಗ ಅರ್ಥಿಂಗಿಗೆ ಬಂಗಾರದಂಥದ್ದು. ಬ್ಯಾಸಿಗಿಯಲ್ಲಿ ಬಿರುಕು ಬಿಟ್ಟು ಮಣ್ಣು ಪೈಪಿನಿಂದ ದೂರ ಸರೀತದ. ಗರಸು ನೆಲದವರಿಗೆ ಮೊದಲಿನಿಂದಲೂ ತ್ರಾಸು, ಒಂದರ ಬದಲು ಎರಡು ಮೂರು ಪೈಪು ದೂರ ದೂರ ಹುಗಿದು ಕೂಡಿಸಬೇಕು. ಪೈಪು ಎರಡೂವರೆ ಮೀಟರ್ ಉದ್ದದ ಜಿ.ಐ. ಇರಲಿ, ಸುತ್ತ ಇದ್ದಲಿ, ಉಪ್ಪು ಹಾಕಿ ಬಾಯಿಗೆ ನೀರು ಹೊಯ್ಯುತ್ತಿರಬೇಕು. 2019 ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿದಾಗ ನೀರು ಕುಡಿದಂಥ ಮೋಟಾರು ಇನ್ನೂ ಯಾರ ಹತ್ತಿರವಾದರೂ ಇದ್ದರೆ ಮೆಗ್ಗರ್ ಹಚ್ಚಿ ನೋಡಿಸಿರಿ, ಮೇಲೆ ಒಣಗಿದಂಗ ಕಂಡರೂ.

ಲೈನ್‌ಮನ್ ಅಣ್ಣಗಳ ಪರವಾಗಿ ಒಂದು ಮಾತು ಹೇಳದೆ ಬಿಡಂಗಿಲ್ಲ. ಚೇಂಜ್‌ಓವರ್ ಇಲ್ಲದೆ ಇನ್ವರ್ಟರ್ ಇಲ್ಲವೇ ಜನರೇಟರನ್ನು ಬೋರ್ಡಿಗೆ ಜೋಡಿಸಿದರೆ ನಮ್ಮ 230 ವೋಲ್ಟು ಟ್ರಾನ್ಸ್‌ಫಾರ್ಮರಿನೊಳಗ ಹಿಂದ ಹೋಗಿ ಆಚೆ 11,000 ವೋಲ್ಟು ಆಗಬಹುದು. ಲೈನು ಬಂದ್ ಐತೆಂದು ಕಂಬ ಏರಿದವನಿಗೂ ಮನಿ ಮಂದಿ ಇರ್ತಾರ.

ಹೊಡೆದು ಹಾಕಿದ ಆ ಸಾಲನ್ನು ಮಂಡಳಿ ಮುಂದಿನ ಸಭೆಯಲ್ಲೇ ತಿರುಗಿ ಬರೆಯಿತು, ಕೆಲಸವೂ ಮುಗಿದಿದೆ. ಹುಡುಗ ಈಗಲೂ ನಮ್ಮಲ್ಲೇ ಇದ್ದಾನ. ಸಾಣಿ ಮಶಿನ್ ಮುಟ್ಟುವ ಮೊದಲು ಟೆಸ್ಟರ್ ಹಚ್ಚಿ ನೋಡ್ತಾನ, ನಾವು ಎಷ್ಟು ಹೇಳಿದರೂ ನಂಬುವುದಿಲ್ಲ. ಪೈಪಿನ ಬಾಯಿಗೆ ನೀರು ಹಾಕುವ ಪಾಳಿಯನ್ನು ನಿರ್ದೇಶಕರೇ ಹಚ್ಚಿಕೊಂಡೀವಿ. ಈ ವಾರ ನಮ್ಮದು.