ಕರುಳಿನಲ್ಲಿ ತಲೆ ಎಣಿಸುವ ರೋಗಾಣು

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ನಮಗೆ ಎರಡು ಚಿಂತೆ. ಒಂದು, ಲೋಕಲ್ ರೈಲು ಓಡುತ್ತದೋ ಇಲ್ಲವೋ. ಇನ್ನೊಂದು, ನಲ್ಲಿ ನೀರು ಕುಡಿಯಬಹುದೋ ಬಾರದೋ. ಆ ಎರಡನೆಯ ಚಿಂತೆಯ ಹಿಂದಿರುವ ಹಳೆಯ ವೈರಿಯೇ ಕಾಲರಾ. ನಮ್ಮ ಅಜ್ಜಿಯಂದಿರು ಹೆದರುತ್ತಿದ್ದ ವಾಂತಿಭೇದಿ.

ನಾನು ಓದಿದ್ದು ಕನ್ನಡ ಬಿ.ಎ. ಆದರೂ ಈ ರೋಗಾಣುವಿನ ಜಾಣತನ ತಿಳಿದಾಗ ಬೆರಗಾದೆ.

ಅಳಿವೆಯ ಉಪ್ಪುನೀರಿನಲ್ಲಿದ್ದಾಗ ಇದು ಸಾಧು ಪ್ರಾಣಿ. ವಿಷ ತಯಾರಿಸುವ ಜೀನ್ ಬಳಿಯಲ್ಲಿದ್ದರೂ ಮುಚ್ಚಿಟ್ಟಿರುತ್ತದೆ. ಸುಮ್ಮನೆ ಶಕ್ತಿ ಯಾಕೆ ಖರ್ಚು ಮಾಡಬೇಕು, ಹೇಳಿ? ನೀರಿನೊಂದಿಗೆ ನಮ್ಮ ಸಣ್ಣ ಕರುಳಿಗೆ ಇಳಿದಾಗ ಮಾತ್ರ, ಪಿತ್ತರಸ ಮುಂತಾದ ಸುಳಿವುಗಳಿಂದ ತಾನು ಎಲ್ಲಿಗೆ ಬಂದೆನೆಂದು ಅದಕ್ಕೆ ಗೊತ್ತಾಗುತ್ತದೆ. ಅದರ ಪೊರೆಯಲ್ಲಿ ಕಾವಲು ಕೂತ ಟಾಕ್ಸ್-ಆರ್ ಎಂಬ ಪ್ರೋಟೀನ್, ತನ್ನ ಜೊತೆಗಾರರೊಡನೆ ಸೇರಿ ಒಳಗಿನ ಟಾಕ್ಸ್-ಟಿಯನ್ನು ಎಬ್ಬಿಸುತ್ತದೆ. ಅದು ಎದ್ದಿತೋ, ಕರುಳಿನಲ್ಲಿ ನೆಲೆಯೂರಲು ಬೇಕಾದ ಎಳೆಗಳೂ ಸಿದ್ಧ, ವಿಷವೂ ಸಿದ್ಧ. ಆ ವಿಷ ಕರುಳಿನ ಕೋಶಗಳಿಂದ ಉಪ್ಪು, ನೀರನ್ನು ಹೊರಗೆ ಹರಿಸಿಬಿಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಗಟ್ಟಿಮುಟ್ಟಾದ ಆಳೂ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಈ ವಿಷವನ್ನು 1959ರಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದು, ಉಳಿದ ದ್ರವವನ್ನಷ್ಟೇ ಮೊಲದ ಕರುಳಿಗೆ ಹಾಕಿದರು. ಅಷ್ಟಕ್ಕೇ ಕರುಳು ನೀರು ತುಂಬಿ ಉಬ್ಬಿತು.

ಇನ್ನೂ ಸೋಜಿಗದ ಸಂಗತಿ ಕೇಳಿ. ಈ ರೋಗಾಣುಗಳು ತಲೆ ಎಣಿಸುತ್ತವೆ! ಪ್ರತಿಯೊಂದೂ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ. ಅದು ದಟ್ಟವಾದಷ್ಟೂ ತಮ್ಮ ಮಂದಿ ಹೆಚ್ಚಿದ್ದಾರೆಂದು ಲೆಕ್ಕ. ಮಂದಿ ಸಾಕಷ್ಟಾದಾಗ ವಿಷದ ಜೀನ್ ಮುಚ್ಚಿ, ಕರುಳಿನ ಹಿಡಿತ ಬಿಟ್ಟು, ಜಾತ್ರೆ ಮುಗಿದವರಂತೆ ಗಂಟುಮೂಟೆ ಕಟ್ಟುತ್ತವೆ. ಭೇದಿಯೊಡನೆ ಹೊರಟು ಮತ್ತೊಂದು ನೀರಿಗೆ, ಮತ್ತೊಂದು ಮನೆಗೆ.

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆಯ ಪುಟ್ಟನಿಗೆ ಭೇದಿ ಹತ್ತಿತ್ತು. "ನೀರು ಕೊಟ್ಟರೆ ಇನ್ನೂ ಹೋಗುತ್ತದಮ್ಮಾ" ಎಂದು ಅವನ ಅಜ್ಜಿ ನೀರನ್ನೇ ನಿಲ್ಲಿಸಿದ್ದರು. ಮಗುವಿನ ಕಣ್ಣು ಗುಳಿಬಿದ್ದಿತ್ತು. ಅಜ್ಜಿಯ ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆ ತಪ್ಪಿತ್ತು. ವಿಷ ಎಷ್ಟೇ ಕಾಡಿದರೂ, ಸಕ್ಕರೆ ಉಪ್ಪು ಎರಡೂ ಸೇರಿದ ನೀರನ್ನು ಹೀರುವ ಬಾಗಿಲನ್ನು ಅದು ಮುಚ್ಚಲಾರದು. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸುತ್ತಲೇ ವೈದ್ಯರ ಬಳಿಗೆ ಹೊರಡಿ. ಪುಟ್ಟ ಉಳಿದ. ಈಗ ದಿನಾ ಬೆಳಿಗ್ಗೆ ನಮ್ಮ ಬಾಗಿಲು ಬಡಿದು ಓಡುತ್ತಾನೆ.

ನೀರು ಕಾಯಿಸಿ ಕುಡಿಯಿರಿ, ಕೈ ತೊಳೆಯಿರಿ.